ಕಾರಿನ ಡಿಕ್ಕಿಯ ಮೇಲೆ ಎರಡು ಅಕ್ಷರ

ಕಾರಿನ ಹಿಂಭಾಗ ನೋಡಿ ಮನುಷ್ಯರ ಬೆಲೆ ಕಟ್ಟುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಹಣೆಬರಹ ನೋಡಿ, ಅಂಥವರಲ್ಲೇ ಒಬ್ಬರನ್ನು ಕಟ್ಟಿಕೊಂಡು ಇಲ್ಲಿ ಗಲ್ಫಿನ ಅಲ್ ನಹ್ದಾದ ಫ್ಲ್ಯಾಟಿನಲ್ಲಿ ಸಂಸಾರ ಮಾಡುತ್ತಿದ್ದೇನೆ.

ನಮ್ಮದು ಆಸ್ಟ್ರೇಲಿಯಾದಲ್ಲಿ ತಯಾರಾದ ದೊಡ್ಡ ಫ್ಯಾಮಿಲಿ ಕಾರು. ಅಲ್ಲಿನ ಹೆಸರು ಬಿಟ್ಟು ಬೇರೊಂದು ಹೆಸರು ಅಂಟಿಸಿಕೊಂಡು ಗಲ್ಫಿಗೆ ಬಂದದ್ದು. ಅದನ್ನು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ವರ್ಷಗಳಾದವು, ಆದರೆ ನನ್ನ ಗಂಡನ ಬಾಯಲ್ಲಿ ಅದರ ಪುರಾಣ ಮುಗಿಯುವುದಿಲ್ಲ. ತೀರ ಕೆಳಗಿನ ಬೇಸ್ ಮಾಡೆಲ್ಲಿಗೆ ಬಟ್ಟೆ ಸೀಟು, ಚಕ್ರಕ್ಕೆ ಪ್ಲಾಸ್ಟಿಕ್ ಮುಚ್ಚಳ. ಅದರ ಮೇಲಿನದಕ್ಕೆ ಅಲಾಯ್ ವೀಲ್. ಅದಕ್ಕೂ ಮೇಲಿನದಕ್ಕೆ ಚರ್ಮದ ಸೀಟು. ಎಲ್ಲಕ್ಕಿಂತ ಮೇಲೆ ಎಂಟು ಸಿಲಿಂಡರಿನ ಎಸ್‌ಎಸ್, ಇಲ್ಲಿಯವರ ಮಾತಲ್ಲಿ ಫುಲ್ ಆಪ್ಶನ್; ಅದರ ಹೆಸರು ಹೇಳುವಾಗ ಇವರ ದನಿಯೇ ಬೇರೆ. ಊರಿನವರ ಕೂಟಕ್ಕೆ ಹೋದರೆ ಮೊದಲು ಪಾರ್ಕಿಂಗಿನಲ್ಲಿ ಒಂದು ಸುತ್ತು. "ಅವನದ್ದು ಬೇಸ್ ಮಾರಾಯ್ತಿ, ಸುಮ್ನೆ ಬಡಾಯಿ ಕೊಚ್ತಾನೆ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ನಮ್ಮದೂ ಬೇಸೇ! ಆರು ಸಿಲಿಂಡರು, ಬಟ್ಟೆ ಸೀಟು.

ಇಂಥ ಮನೆಗೆ ನನ್ನ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವುದೆಂದಾಯಿತು. ನಾದಿನಿ ಇಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸ್, ಇರುವುದು ನಮ್ಮ ಜತೆಗೇ. ಹುಡುಗನಿಗೆ ಅಬುಧಾಬಿಯಲ್ಲಿ ಕೆಲಸ. ಫೋನಿನಲ್ಲಿ ಮಾತಾಡಿ ಮಾತಾಡಿ ಅವಳಿಗೆ ಮನಸ್ಸಾಗಿಬಿಟ್ಟಿತ್ತು. ಬಂದ ಸಂಬಂಧಗಳಿಗೆಲ್ಲ ಮೂಗು ಮುರಿಯುತ್ತಿದ್ದವಳು ಈ ಸಲ ನನ್ನ ಕೈ ಹಿಡಿದು, "ಅತ್ತಿಗೆ, ಇದೊಂದು ಆಗ್ಲಿ" ಎಂದಿದ್ದಳು.

ಹುಡುಗನ ತಂದೆಯದ್ದೂ ಅದೇ ಕಾರು, ಚರ್ಮದ ಸೀಟಿನದು ಎಂದು ಗೊತ್ತಾದದ್ದೇ ತಡ, ಇವರು ಶಾರ್ಜಾಕ್ಕೆ ಓಡಿ ಹಳೇ ಬಿಡಿಭಾಗಗಳ ಅಂಗಡಿಯಿಂದ ಎಸ್‌ಎಸ್ ಬ್ಯಾಡ್ಜು ತಂದು ಟೇಪ್ ಹಾಕಿ ಡಿಕ್ಕಿಯ ಮೇಲೆ ಅಂಟಿಸಿದರು.

"ಛೀ, ನಾಚಿಕೆ ಆಗುದಿಲ್ವಾ ನಿಮಗೆ?"

"ಹುಡುಗಿ ಕಡೆಯವರು ಕೆಳಗೆ ಅಂತ ಕಾಣ್ಬಾರ್ದು. ನಿಂಗೆ ಅದೆಲ್ಲ ಗೊತ್ತಾಗುದಿಲ್ಲ, ಸುಮ್ನಿರು."

ಅವರು ಬಂದ ಭಾನುವಾರವೇ ನಮ್ಮ ಆಯುಧ ಪೂಜೆ. ಇಲ್ಲಿ ಹಬ್ಬ ಬರುವುದು ಪಂಚಾಂಗ ನೋಡಿ ಅಲ್ಲ, ರಜೆ ನೋಡಿ. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಕರ್ಪೂರ ಹಚ್ಚಿದರೆ ಅಲಾರಂ ಹೊಡೆದುಕೊಳ್ಳುತ್ತದೆ, ಹಾಗಾಗಿ ಒಂದೆರಡು ಊದುಬತ್ತಿ, ಬಾನೆಟ್ಟಿಗೆ ಚೆಂಡು ಹೂವಿನ ಮಾಲೆ, ಚಕ್ರದಡಿ ನಿಂಬೆಹಣ್ಣು. ಇವರು ಬೇಕೆಂದೇ ಬಂದವರ ಕಾರನ್ನು ನಮ್ಮದರ ಪಕ್ಕಕ್ಕೆ ಹಾಕಿಸಿ, "ಎರಡಕ್ಕೂ ಒಟ್ಟಿಗೇ ಪೂಜೆ ಮಾಡುವ" ಎಂದರು.

ಹುಡುಗನ ತಂದೆ ನಮ್ಮ ಡಿಕ್ಕಿ ನೋಡಿದರು. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಮುಖ ಅರಳಿತು.

"ಓಹೋ, ಎಸ್‌ಎಸ್ ಉಂಟಾ! ಹಾಗಾದ್ರೆ ಮದುವೆ ಊರಲ್ಲಿ ದೊಡ್ಡ ಹಾಲಲ್ಲೇ ಮಾಡುವ." ಆಮೇಲೆ ನಾದಿನಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನರ್ಸ್ ಕೆಲಸ ಉಂಟು, ಡ್ರೈವಿಂಗ್ ಉಂಟು, ಸ್ವಂತ ವೀಸಾ ಉಂಟು. ಹುಡುಗಿಯೂ ಫುಲ್ ಆಪ್ಶನ್ನೇ. ಬಣ್ಣ ಮಾತ್ರ ಸ್ವಲ್ಪ..." ಎಂದು ಹಲ್ಲು ಕಿರಿದರು.

ಸ್ವಂತ ಅಣ್ಣ ಎನಿಸಿಕೊಂಡವರು ಹೌದೌದೆಂದು ತಲೆಯಾಡಿಸುತ್ತಿದ್ದರು. ಹುಡುಗ ಮೊಬೈಲ್ ಉಜ್ಜುತ್ತಿದ್ದ.

"ನಿಮ್ಮ ಕಾರಿನ ಹಿಂದೆ ಹುಡುಗಿ ಕೈಯಲ್ಲೇ ಕುಂಕುಮ ಹಚ್ಚಿಸಿ" ಎಂದು ಹುಡುಗನ ತಂದೆಯೇ ಅಪ್ಪಣೆ ಕೊಟ್ಟರು. ಡ್ಯೂಟಿ ಮುಗಿಸಿ ಆಗಷ್ಟೇ ಬಂದು ಸೀರೆ ಉಟ್ಟಿದ್ದ ನಾದಿನಿಗೆ ಬ್ಯಾಡ್ಜಿನ ಸಂಗತಿ ಗೊತ್ತೇ ಇರಲಿಲ್ಲ. ನಂಬರ್ ಪ್ಲೇಟಿಗೆ ಒಂದು ಬೊಟ್ಟು ಇಟ್ಟು, ಅಕ್ಷರಕ್ಕೂ ಒಂದಿರಲಿ ಎಂದು ಭಕ್ತಿಯಿಂದಲೇ ಬೆರಳು ಒತ್ತಿದಳು. ಸೆಕೆಗೆ ಅಂಟು ಸಡಿಲವಾಗಿತ್ತೋ ಏನೋ, ಬ್ಯಾಡ್ಜು ಪಟಕ್ಕನೆ ಕಳಚಿ ನೆಲಕ್ಕೆ ಬಿತ್ತು.

ಹುಡುಗನ ತಂದೆ ಬಗ್ಗಿ ಅದನ್ನು ಎತ್ತಿಕೊಂಡರು. ಕಿಟಕಿಗೆ ಮುಖ ಒತ್ತಿ ಒಳಗಿನ ಬಟ್ಟೆ ಸೀಟು ನೋಡಿದರು.

"ಅಯ್ಯೋ ದೇವ್ರೆ, ಇದು ಬೇಸ್ ಮಾರಾಯ್ರೆ! ಹುಡುಗಿಗೆ ಎಂತೆಂತ ಅಂಟಿಸಿದ್ದೀರಿ, ಅದನ್ನೂ ಈಗ್ಲೇ ಹೇಳಿಬಿಡಿ" ಎಂದು ಹೊಟ್ಟೆ ಕುಣಿಸಿ ನಕ್ಕರು. ಥೂ, ಅದೂ ಒಂದು ಬಾಯಿಯೇ! ಅಲ್ಲಿಯವರೆಗೆ ಮೊಬೈಲಿನಿಂದ ತಲೆ ಎತ್ತದಿದ್ದ ಹುಡುಗನೂ ತಲೆ ಎತ್ತಿ ನಕ್ಕ.

ನಾದಿನಿ ಅವನ ಮುಖವನ್ನೇ ನೋಡಿದಳು. ಅವನ ನಗು ನಿಲ್ಲುವವರೆಗೂ ನೋಡಿದಳು. ಆಮೇಲೆ ಅವನ ತಂದೆಯ ಕೈಯಿಂದ ಬ್ಯಾಡ್ಜು ತೆಗೆದುಕೊಂಡು, ಮೆಲ್ಲಗೆ, "ಪೂಜೆ ಆಯ್ತು. ನಿಂಬೆಹಣ್ಣಿನ ಮೇಲೆ ಹತ್ತಿಸಿ ಹಾಗೇ ಹೊರಡಿ. ಖಲಾಸ್" ಎಂದಳು.

"ಎಂತ ಸೊಕ್ಕು ಇದಕ್ಕೆ!" ಎಂದು ಹುಡುಗನ ತಂದೆ ಕೂಗಾಡಿದರು. ನನ್ನ ಗಂಡ ಕೈ ಮುಗಿಯುತ್ತಾ ಅವರ ಕಾರಿನ ಹಿಂದೆ ರ‍್ಯಾಂಪಿನವರೆಗೂ ಓಡಿ, ಬೆವರು ಸುರಿಸಿಕೊಂಡು ವಾಪಸು ಬಂದರು.

ಲಿಫ್ಟಿನಲ್ಲಿ ನಾವು ಮೂವರೇ. ಈಗಲಾದರೂ ತಂಗಿಗೆ ಒಂದು ಮಾತು ಹೇಳುತ್ತಾರೇನೋ ಎಂದು ಕಾದೆ.

"ಟೇಪ್ ಸರಿ ಇರ್ಲಿಲ್ಲ. ಒಳ್ಳೇದು ತರ್ಬೇಕಿತ್ತು" ಎಂದರು.

ಈ ಮನುಷ್ಯನಿಗೆ ಇಷ್ಟು ವರ್ಷ ಅನ್ನ ಬಡಿಸಿದೆನಲ್ಲ ಎಂದು ಹೇಸಿಗೆಯಾಯಿತು. ಬಾಯಿ ತೆರೆದಿದ್ದರೆ ಏನೇನು ಬರುತ್ತಿತ್ತೋ. ಅಷ್ಟರಲ್ಲಿ ನಾದಿನಿ ನನ್ನ ತೋಳು ಹಿಡಿದುಕೊಂಡಳು.

"ಅವನ ಅಪ್ಪ ಹೇಳಿದ್ದು ಬಿಡಿ ಅತ್ತಿಗೆ," ಎಂದಳು. "ಅವನೂ ನಗಾಡಿದ ಅಲ್ವಾ."