ಅತ್ತೆಯವರು ಹತ್ತಿದ ಬಿಳಿ ಬಸ್ಸು

ನಾವು ಊರು ಬದಲಾಯಿಸಿದ್ದು ನಮ್ಮ ಅತ್ತೆಯವರಿಗೆ ಗೊತ್ತಾಗಲೇ ಇಲ್ಲ. ಕೊಲ್ಲಿಯ ಮರಳುಗಾಡಿನಿಂದ ಹೊರಟು, ನಡುವೆ ವಿಮಾನ ಬದಲಿಸಿ, ಡಲ್ಲಾಸಿನಲ್ಲಿ ಇಳಿದು, ಯೂಲೆಸ್‌ನ ಅಪಾರ್ಟ್‌ಮೆಂಟಿನ ಬಾಗಿಲು ತೆಗೆದು ಒಳಗೆ ಕಾಲಿಟ್ಟಾಗ ಅವರು ಸುತ್ತ ಕಣ್ಣಾಡಿಸಿ, "ಮನೆ ಬದಲಾಯಿಸಿದರಾ ಕಂಪನಿಯವರು? ಹಳೇದೇ ದೊಡ್ಡದಿತ್ತು ಕಣೆ" ಅಂದರು.

ನನಗೆ ನಗು ಬಂತು. ಪ್ರಯಾಣದ ಸುಸ್ತು ಎಂದುಕೊಂಡೆ. ಆದರೆ ವಾರ ಕಳೆದರೂ ಅವರು ಅದನ್ನೇ ನಂಬಿದ್ದರು. ಹಾಗೆ ನೋಡಿದರೆ ಅವರ ತಪ್ಪೇನೂ ಇರಲಿಲ್ಲ. ಅದೇ ಗುಂಡಗಿನ ಹಿತ್ತಾಳೆ ಹಿಡಿಯ ಬಾಗಿಲು, ಅದೇ ಮಣ್ಣಿನ ಬಣ್ಣದ ಕಾರ್ಪೆಟ್ಟು, ಗೋಡೆಯ ಮೇಲಿನಿಂದ ತಣ್ಣಗೆ ಊದುವ ಅದೇ ಏಸಿ ಜಾಲರಿ. ಹೊರಗೆ ಒಪ್ಪವಾಗಿ ಕತ್ತರಿಸಿದ ಹುಲ್ಲು, ಮಕ್ಕಳನ್ನು ಒಯ್ಯುವ ಹಳದಿ ಬಸ್ಸು, ನೆತ್ತಿ ಸುಡುವ ಬಿಸಿಲು. ನಾವು ಬಿಟ್ಟು ಬಂದ ಎಣ್ಣೆ ಕಂಪನಿಯ ಊರು, ಎಲ್ಲರೂ ಕ್ಯಾಂಪ್ ಎಂದೇ ಕರೆಯುತ್ತಿದ್ದ ಆ ಊರು, ಟೆಕ್ಸಸ್‌ನ ನಕಲೇ ಆಗಿತ್ತು.

ಅದರ ಕಥೆಯನ್ನು ನನಗೆ ಹೇಳಿದ್ದು ಕ್ಯಾಂಪಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೆಕ್ಸಸ್ ಕಡೆಯ ಹೆಂಗಸು. ಅವಳ ಮಾವ ಮೊದಮೊದಲು ಬಾವಿ ಕೊರೆಯಲು ಬಂದವರಲ್ಲಿ ಒಬ್ಬನಂತೆ. ಆಗ ಡೇರೆಗಳಲ್ಲಿ ವಾಸ. ಚೇಳು ಸೇರಿಕೊಳ್ಳುತ್ತದೆಂದು ಬೂಟುಗಳನ್ನು ಕಂಬಕ್ಕೆ ನೇತುಹಾಕಿ ಮಲಗುತ್ತಿದ್ದರಂತೆ. ಎಣ್ಣೆ ಸಿಕ್ಕಿದ ಮೇಲೆ ಹಡಗಿನಲ್ಲಿ ಬಿಡಿಬಿಡಿಯಾಗಿ ಮನೆಗಳು ಬಂದವು. ಮನೆ ಬಂದ ಮೇಲೆ ಹೆಂಡಂದಿರು ಬಂದರು. ಅವರಿಗೆ ಹುಲ್ಲು ಬೇಕಾಯಿತು, ಹೂವಿನ ಪಾತಿ ಬೇಕಾಯಿತು, ಮಕ್ಕಳಿಗೆ ಶಾಲೆ, ಈಜುಕೊಳ, ಸಿನಿಮಾ ಹಾಲು ಬೇಕಾದವು. ತಮ್ಮ ಊರು ಹೇಗಿತ್ತೋ ಹಾಗೆಯೇ ಮರಳಿನ ಮೇಲೆ ಗೆರೆ ಎಳೆದು ಕಟ್ಟಿಕೊಂಡರು. ಸುತ್ತ ಬೇಲಿ ಹಾಕಿದರು. ನಮ್ಮಂಥವರು ಹೋಗುವ ಹೊತ್ತಿಗೆ ಮರದ ಮನೆಗಳ ಬದಲು ಇಟ್ಟಿಗೆ ಮನೆಗಳಾಗಿದ್ದವು. ಬೇವಿನ ಮರಗಳೂ ನೆರಳು ಕೊಡುವಷ್ಟು ಬೆಳೆದಿದ್ದವು.

ಅಲ್ಲಿ ನಮ್ಮದು ಎಂಬುದು ಬಟ್ಟೆಬರೆ, ಪಾತ್ರೆಪಡಗ ಅಷ್ಟೆ. ಸೋಫಾದಿಂದ ಹಿಡಿದು ಬಲ್ಬಿನವರೆಗೆ ಎಲ್ಲ ಕಂಪನಿಯದು. ನಲ್ಲಿ ಸೋರಿದರೆ ಫೋನು ಮಾಡಿದರಾಯಿತು, ಯಾರೋ ಬಂದು ಸರಿಮಾಡಿ ಹೋಗುತ್ತಿದ್ದರು. ಅಡುಗೆಮನೆಯಲ್ಲಿ ಎರಡು ನಲ್ಲಿ: ಒಂದು ಕುಡಿಯುವುದಕ್ಕೆ, ಇನ್ನೊಂದು ಉಪ್ಪುನೀರಿನದು, ತೊಳೆಯುವುದಕ್ಕೆ. ಆ ಊರಿನಲ್ಲಿ ಮುದುಕರೇ ಇರಲಿಲ್ಲ. ಕೆಲಸ ಮುಗಿದವರು ಮನೆಯ ಕೀಲಿ ಒಪ್ಪಿಸಿ ಹೊರಡಬೇಕು, ಅಷ್ಟೆ. ಹಾಗಾಗಿ, ನನ್ನ ಯಜಮಾನರು ಎಷ್ಟೋ ಕಾಗದಪತ್ರ ಓಡಾಡಿಸಿ ಕರೆಸಿಕೊಂಡ ಅತ್ತೆಯವರು ನಮ್ಮ ಬೀದಿಗೆಲ್ಲ ಒಬ್ಬರೇ ಅಜ್ಜಿ. ಕಚ್ಚೆ ಸೀರೆಯ, ದೊಡ್ಡ ಕುಂಕುಮದ ಅಜ್ಜಿಯನ್ನು ಕಂಡರೆ ಅಮೆರಿಕದವರೂ ಈಜಿಪ್ಟಿನವರೂ ಕೈ ಬೀಸುತ್ತಿದ್ದರು.

ಅವರಿಗೆ ಮರೆವು ಶುರುವಾದದ್ದು ಅಲ್ಲಿಯೇ. ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಮೊಮ್ಮಗಳನ್ನು ತಂಗಿಯ ಹೆಸರಿನಿಂದ ಕರೆಯುವುದು. ಆದರೆ ನಮಗೆ ಭಯವೇ ಆಗಲಿಲ್ಲ. ಕ್ಯಾಂಪಿನ ಒಳಗೆ ಕಂಪನಿಯ ಬಿಳಿ ಬಸ್ಸೊಂದು ದಿನವಿಡೀ ಸುತ್ತುತ್ತಿತ್ತು. ಟಿಕೆಟ್ಟಿಲ್ಲ, ಒಳಗೆ ತಂಪು. ಅಂಗಡಿ, ಆಸ್ಪತ್ರೆ, ಶಾಲೆ ಎಲ್ಲ ಸುತ್ತಿ ಹತ್ತಿದ ಜಾಗಕ್ಕೇ ತಂದು ಬಿಡುತ್ತಿತ್ತು. ಮಧ್ಯಾಹ್ನ ಕಾಫಿ ಕುಡಿದು ಅತ್ತೆಯವರು ಚೀಲ ಹಿಡಿದು ಹೊರಡುತ್ತಿದ್ದರು. ಮಂಗಳೂರು ಕಡೆಯ ಡ್ರೈವರೊಬ್ಬರು ನಮ್ಮ ಮನೆ ಮುಂದೆ ನಿಲ್ಲಿಸಿ, "ಅಜ್ಜಿ, ಇಳೀರಿ, ನಿಮ್ಮ ಸ್ಟಾಪ್ ಬಂತು" ಎಂದು ಕೈಕೊಟ್ಟು ಇಳಿಸುತ್ತಿದ್ದರು. ಡ್ರೈವರು ಬೇರೆಯವರಾದರೂ ಮನೆ ನಂಬರು ಒಂದು ಹೇಳಿದರೆ ಸಾಕಿತ್ತು, ಅದನ್ನು ಮಾತ್ರ ಅತ್ತೆಯವರು ಮರೆತಿರಲಿಲ್ಲ. ಎಲ್ಲಿ ಹೋದರೂ ಬೇಲಿ ದಾಟಿ ಹೋಗುವಂತಿರಲಿಲ್ಲ. ಬಾಗಿಲಿಗೆ ಬೀಗ ಹಾಕಿದ ನೆನಪೇ ನನಗಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಎಣ್ಣೆಯ ಬೆಲೆ ಬಿತ್ತು. ಕಂಪನಿ ಜನರನ್ನು ಕಡಿಮೆ ಮಾಡಿತು, ನಮ್ಮವರ ಕೆಲಸವೂ ಹೋಯಿತು. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿದ್ದ ಹಳೆಯ ಕ್ಯಾಂಪ್ ಸ್ನೇಹಿತರು, "ಹ್ಯೂಸ್ಟನ್‌ನಲ್ಲೂ ಎಣ್ಣೆ ಕಂಪನಿಗಳದು ಇದೇ ಪಾಡು, ಬರಬೇಡಿ" ಅಂದರು. ಡಲ್ಲಾಸಿನ ಟೆಲಿಫೋನ್ ಉಪಕರಣಗಳ ಕಂಪನಿಯೊಂದು ಕರೆಯಿತು. ಏರ್‌ಪೋರ್ಟಿನ ಪಕ್ಕ, ಬಾಡಿಗೆ ಕಡಿಮೆ ಎಂದು ಯೂಲೆಸ್‌ನಲ್ಲಿ ನಿಂತೆವು.

"ಅಮ್ಮನಿಗೆ ಇದು ಅಮೆರಿಕ ಅಂತ ಸರಿಯಾಗಿ ಹೇಳಬೇಕು ಕಣ್ರೀ" ಎಂದು ನಾನು ಯಜಮಾನರಿಗೆ ಹೇಳಿದೆ.

"ಹೇಳಿ ಏನು ಪ್ರಯೋಜನ? ಇವತ್ತು ಹೇಳಿದರೆ ನಾಳೆ ಮರೀತಾರೆ. ಅವರಿಗೆ ನೆಮ್ಮದಿ ಇದೆ, ಇರಲಿ ಬಿಡು."

ಅವರಿಗೇನೋ ನೆಮ್ಮದಿ ಇತ್ತು. ನನಗೆ ಹೋಗಿತ್ತು. ಅಪಾರ್ಟ್‌ಮೆಂಟಿನ ಆಚೆ ಆರು ಸಾಲಿನ ರಸ್ತೆ, ಅದರಾಚೆ ಫ್ರೀವೇ. ಕಾಲುದಾರಿ ಅರ್ಧಕ್ಕೇ ನಿಂತುಹೋಗುತ್ತಿತ್ತು. ನಡೆಯುವವರೇ ಇಲ್ಲದ ಊರು. ಅತ್ತೆಯವರು ಎದ್ದು ಓಡಾಡಿದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು. ನಾನು ಸ್ನಾನಕ್ಕೆ ಹೋದರೆ ನೀರು ನಿಲ್ಲಿಸಿ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಅಡುಗೆಮನೆಯಲ್ಲಿ ಅವರು "ಕುಡಿಯೋ ನೀರಿನ ನಲ್ಲಿ ಎಲ್ಲೇ?" ಎಂದು ಕೇಳಿದರೆ, ಸದ್ಯ, ಒಳಗೇ ಇದ್ದಾರಲ್ಲ ಎಂದು ಸಮಾಧಾನ.

ಮೇಲಿನ ಮನೆಯಲ್ಲಿ ಧಾರವಾಡ ಕಡೆಯ ಗೆಳತಿಯೊಬ್ಬಳಿದ್ದಳು. ಅವಳ ಗಂಡ ಸಾಫ್ಟ್‌ವೇರಿನವನು. ಅವಳು ಬಂದಾಗಲೆಲ್ಲ, "ಅಕ್ಕಾರ, ಬಾಗಲಾ ಹಾಕ್ಕೊಂಡು ಕೂಡ್ರಿ. ಯಾವಾಗ ಬಂದ್ರೂ ತಗದಽ ಇರ್ತದಲ್ರಿ. ಇದು ನಿಮ್ಮ ಕ್ಯಾಂಪ್ ಅಲ್ರಿ" ಎನ್ನುತ್ತಿದ್ದಳು. ಆ ಮೇಲೆ ನಾನೂ ಒಳಗಿನಿಂದ ಬೀಗದ ತಿರುಪು ಹಾಕತೊಡಗಿದೆ. ಆದರೆ ಒಳಗಿನಿಂದ ಹಾಕಿದ್ದನ್ನು ಒಳಗಿನಿಂದ ತೆಗೆಯುವುದು ಎಷ್ಟು ಹೊತ್ತಿನ ಕೆಲಸ?

ಸೆಪ್ಟೆಂಬರ್ ಬಂದಿದ್ದರೂ ಸೆಕೆ ಇಳಿದಿರಲಿಲ್ಲ. ಆ ಮಧ್ಯಾಹ್ನ ಬಾಲ್ಕನಿಯಲ್ಲಿ ಸಂಡಿಗೆ ಇಡುತ್ತಿದ್ದೆ. ಅತ್ತೆಯವರು ಸೋಫಾದಲ್ಲಿ ಕೂತು ತೂಕಡಿಸುತ್ತಿದ್ದರು. ಗಾಜಿನ ಬಾಗಿಲಿನಿಂದ ಅವರ ಪಾದ ಕಾಣುತ್ತಿತ್ತು. ಕೈ ತೊಳೆಯಲು ಒಳಗೆ ಬಂದಾಗ ಸೋಫಾ ಖಾಲಿ. ಬಚ್ಚಲಿನಲ್ಲಿಲ್ಲ. ಮಗಳ ರೂಮಿನಲ್ಲಿಲ್ಲ. ಮುಂಬಾಗಿಲು ಸುಮ್ಮನೆ ಮುಚ್ಚಿಕೊಂಡಿತ್ತು, ತಿರುಪು ತೆಗೆದಿತ್ತು. ಚಪ್ಪಲಿ ಇರಲಿಲ್ಲ, ಚೀಲ ಇರಲಿಲ್ಲ.

ಮೊದಲು ಓಡಿದ್ದು ಈಜುಕೊಳಕ್ಕೆ. ಅದರ ಗೇಟು ಅರ್ಧ ತೆರೆದಿತ್ತು. ಕಣ್ಣು ಮುಚ್ಚಿಕೊಂಡೇ ಅಂಚಿಗೆ ಹೋಗಿ ನಿಂತೆ. ಕಣ್ಣು ಬಿಟ್ಟಾಗ ಕೆಳಗೆ ನೀಲಿ ಹೆಂಚು, ಯಾವುದೋ ಮಗುವಿನ ಒಂಟಿ ಚಪ್ಪಲಿ. ಅಷ್ಟೆ. ಅಲ್ಲಿಂದ ಬಟ್ಟೆ ಒಗೆಯುವ ಕೋಣೆ, ಟಪಾಲು ಪೆಟ್ಟಿಗೆಗಳ ಸಾಲು, ಕಸದ ತೊಟ್ಟಿಯ ಹಿಂಭಾಗ. ಎಲ್ಲೂ ಇಲ್ಲ. ರಸ್ತೆಯ ಅಂಚಿಗೆ ಬಂದು ಎರಡೂ ಕಡೆ ನೋಡಿದರೆ ಕಾರುಗಳು, ಬಿಸಿಲಿನ ಝಳ. ಆ ಬಿಸಿಲಿನಲ್ಲಿ, ನೀರಿಲ್ಲದೆ, ಆ ವಯಸ್ಸಿನವರು ಎಷ್ಟು ದೂರ ನಡೆದಾರು? ರಸ್ತೆ ದಾಟಲು ಹೋಗಿದ್ದರೆ?

ಮೇಲಿನ ಮನೆಯ ಬಾಗಿಲು ಬಡಿದೆ. ಗೆಳತಿ ನನ್ನ ಮುಖ ನೋಡಿದ್ದೇ, ಕೇಳುವುದಕ್ಕೆ ಮೊದಲೇ ಕಾರಿನ ಕೀಲಿ ತೆಗೆದುಕೊಂಡಳು. ನಾನು ಅವಳ ಫೋನಿನಿಂದ ಯಜಮಾನರಿಗೆ ಹೇಳಿ, ಪೊಲೀಸರಿಗೆ ಮಾಡಿದೆ. ಫೋನಿನ ಆ ಕಡೆಯ ಹೆಂಗಸು ಮೆತ್ತಗೆ ಕೇಳುತ್ತಾ ಹೋದಳು. ಎತ್ತರ ಎಷ್ಟು, ಯಾವ ಬಣ್ಣದ ಬಟ್ಟೆ, ಇಂಗ್ಲಿಷ್ ಬರುತ್ತದೆಯೇ? ನನಗೆ ತಿಳಿದಂತೆ ಹೇಳಿದೆ.

"ತಮ್ಮ ವಿಳಾಸ ಹೇಳಬಲ್ಲರೇ?"

"ಹೇಳುತ್ತಾರೆ. ಆದರೆ ಅದು ಬೇರೆ ದೇಶದ್ದು."

"ಏನಂದಿರಿ, ಮ್ಯಾಮ್?"

ಮತ್ತೆ ಹೇಳಿದೆ. ಆ ಕಡೆ ಕೀಲಿಮಣೆಯ ಸದ್ದು ಕೇಳಿಸಿತು.

"ಹತ್ರಿ, ಹತ್ರಿ ಕಾರು. ಅಳೂದು ಆಮ್ಯಾಲೆ" ಎಂದು ಗೆಳತಿ ಎಳೆದುಕೊಂಡು ಹೋದಳು. ಅವಳು ನಿಧಾನಕ್ಕೆ ಓಡಿಸುತ್ತಿದ್ದಳು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. "ಹೊಡಕೋರಿ, ನಿಮ್ಮಪ್ಪಂದಲ್ಲ ರೋಡು" ಎಂದು ಕನ್ನಡಿ ನೋಡಿ ಬೈಯುತ್ತಿದ್ದಳು. ಪೆಟ್ರೋಲ್ ಬಂಕ್ ನೋಡಿದೆವು, ಡೋನಟ್ ಅಂಗಡಿ ನೋಡಿದೆವು, ಚರ್ಚಿನ ಅಂಗಳ ನೋಡಿದೆವು. ಎಲ್ಲಿ ಬಿಳಿ ಬಣ್ಣ ಕಂಡರೂ ನನಗೆ ತಲೆಗೂದಲಂತೆ ಕಾಣುತ್ತಿತ್ತು. ಅತ್ತೆಯವರಿಗೆ ಏನಾದರೂ ಆಗಿಬಿಟ್ಟಿದ್ದರೆ ಯಜಮಾನರಿಗೆ ಯಾವ ಮಾತಿನಲ್ಲಿ ಹೇಳುವುದು ಎಂದು ಮನಸ್ಸು ಆಗಲೇ ಜೋಡಿಸಿಕೊಳ್ಳುತ್ತಿತ್ತು. ಅದನ್ನು ತಡೆಯಲು ಆಗುತ್ತಿರಲಿಲ್ಲ.

ಸಿಗ್ನಲ್ಲಿನಲ್ಲಿ ನಿಂತಿದ್ದಾಗ ನಮ್ಮ ಮುಂದೆ ಒಂದು ಬಸ್ಸು ಅಡ್ಡ ತಿರುಗಿತು. ಬಿಳಿಯದು, ಗಿಡ್ಡದು, ಕಿಟಕಿಯ ಗಾಜು ಕಪ್ಪು. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಹೋಟೆಲಿನಿಂದ ಏರ್‌ಪೋರ್ಟಿಗೆ ಜನರನ್ನು ಬಿಟ್ಟುಬರುವ ಬಸ್ಸು ಅದು. ದಿನಾ ನೋಡುತ್ತಿದ್ದೆ. ಅದಕ್ಕೂ ಟಿಕೆಟ್ಟಿಲ್ಲ ಎಂಬುದು ಆಗ ಹೊಳೆಯಿತು.

"ಬಸ್ಸು" ಎಂದೆ. "ಅವರು ಕಾಫಿ ಕುಡಿದು ಬಸ್ಸು ಹತ್ತೋರು. ಅದರ ಹಿಂದೆ ಹೋಗಿ."

"ಅದರ ಹಿಂದ ಏರ್‌ಪೋರ್ಟ್‌ಗೆ ಹೋಗ್ಲ್ಯಾ? ಅದೇನ್ ಒಂದಽ ಬಸ್ ಐತೇನ್ರಿ? ಮೊದ್ಲ ಹೋಟೆಲ್‌ಗೆ ಹೋಗೂಣು."

ಹೋಟೆಲಿನ ಒಳಗೆ ಕಾಲಿಟ್ಟಾಗ ಕಂಡದ್ದು ಅತ್ತೆಯವರ ಬೆನ್ನು. ದೊಡ್ಡ ಕುರ್ಚಿಯಲ್ಲಿ ಕೂತು, ಕಾಗದದ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. ಕೌಂಟರಿನ ಹಿಂದಿದ್ದ ಗುಜರಾತಿ ಹೆಂಗಸು ಫೋನು ಕೆಳಗಿಟ್ಟು, "ಆಪ್‌ಕೀ ಮಾಂಜೀ ಹೈಂ?" ನಿಮ್ಮ ತಾಯಿಯೇ ಎಂದು ಹಿಂದಿಯಲ್ಲಿ ಕೇಳಿದಳು. ನಾನು ತಲೆಯಾಡಿಸಿದೆ.

ನಡೆದದ್ದನ್ನು ಅವಳೇ ಹೇಳಿದಳು. ಪೆಟ್ಟಿಗೆ ಹಿಡಿದ ಪ್ರಯಾಣಿಕರ ಹಿಂದೆ ಇವರೂ ಹತ್ತಿದ್ದಾರೆ. ಯಾರದೋ ತಾಯಿ ಎಂದುಕೊಂಡು ಯಾರೂ ಕೇಳಿಲ್ಲ. ಏರ್‌ಪೋರ್ಟಿನಲ್ಲಿ ಎಲ್ಲ ಇಳಿದರೂ ಇವರು ಇಳಿದಿಲ್ಲ. ಡ್ರೈವರು ಕೇಳಿದರೆ ನಮ್ಮ ಹಳೆಯ ಮನೆ ನಂಬರು ಹೇಳಿ, ಮುಂದೆ ಹೋಗು ಎಂದು ಕೈ ತೋರಿಸಿದ್ದಾರೆ. ಅವನು ಅದು ಹೋಟೆಲಿನ ರೂಮು ನಂಬರು ಎಂದುಕೊಂಡು ವಾಪಸ್ಸು ಕರೆತಂದಿದ್ದಾನೆ. ಅಷ್ಟು ದೊಡ್ಡ ನಂಬರಿನ ರೂಮೇ ಅಲ್ಲಿ ಇರಲಿಲ್ಲ. ಅವಳು ಪೊಲೀಸರಿಗೆ ಫೋನು ಮಾಡಿ ಈಗಷ್ಟೇ ಇಟ್ಟಿದ್ದಳು.

ಅತ್ತೆಯವರ ಕಾಲ ಬಳಿ ಹೋಗಿ ಕೂತೆ. ಅವರು ಸಿಟ್ಟಿನಲ್ಲಿದ್ದರು.

"ಡ್ರೈವರ್ ಹೊಸಬ ಕಣೆ. ನಮ್ಮ ಸ್ಟಾಪೇ ಗೊತ್ತಿಲ್ಲ ಅವನಿಗೆ. ಎಲ್ಲೆಲ್ಲೋ ಸುತ್ತಿಸಿದ. ಕಂಪನಿಗೆ ಒಂದು ಮಾತು ಹೇಳು."

"ಹೇಳ್ತೀನಿ ಅಮ್ಮ."

"ಚಹಾ ಪರವಾಗಿಲ್ಲ. ಸಕ್ಕರೆ ಜಾಸ್ತಿ."

ಗೆಳತಿ ನಗುತ್ತಾ ನಗುತ್ತಾ ಸೆರಗಿಲ್ಲದ ಡ್ರೆಸ್ಸಿನ ತೋಳಿನಲ್ಲಿ ಕಣ್ಣೊರೆಸಿಕೊಂಡಳು.

ಸಂಜೆ ಯಜಮಾನರು ಹೊಸ ಬೀಗ ತಂದರು. ಒಳಗಿನಿಂದ ತೆಗೆಯುವುದಕ್ಕೂ ಕೀಲಿಯೇ ಬೇಕಾಗುವಂಥದ್ದು. ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಮುಂದೆ ತುಂಬಾ ಹೊತ್ತು ಕೂತಿದ್ದರು, ಬೀಗದ ಡಬ್ಬ ಒಡೆಯಲಿಲ್ಲ.

"ಅಮ್ಮನ್ನ ಕೂಡಿಹಾಕ್ತಿದ್ದೀನಿ ಅನ್ಸತ್ತೆ" ಎಂದರು.

"ಕ್ಯಾಂಪಲ್ಲಿ ನಾವೆಲ್ಲ ಬೇಲಿ ಒಳಗೇ ಇರಲಿಲ್ವಾ?"

"ಅದು ಅಷ್ಟು ದೂರ ಇತ್ತು. ಕಾಣ್ತಿರಲಿಲ್ಲ."

ಒಳಗೆ ಬೆಂಕಿ ಬಿದ್ದರೆ? ಕೀಲಿ ಸಿಗದಿದ್ದರೆ? ನಾನೇ ತಲೆ ತಿರುಗಿ ಬಿದ್ದರೆ ಅವರು ಯಾರನ್ನು ಕೂಗಬೇಕು? ಆದರೆ ಈಜುಕೊಳದ ಅಂಚಿನಲ್ಲಿ ಕಣ್ಣು ಮುಚ್ಚಿ ನಿಂತದ್ದು ಇನ್ನೊಂದು ಸಲ ನನ್ನಿಂದ ಆಗುವಂತಿರಲಿಲ್ಲ. "ಹಾಕಿ" ಎಂದೆ. ಹಾಕಿದರು. ಕೀಲಿಯನ್ನು ತಾಳಿಸರದ ಪಿನ್ನಿಗೆ ಸಿಕ್ಕಿಸಿಕೊಂಡೆ. ಬಾಗಿದಾಗಲೆಲ್ಲ ಎದೆಗೆ ತಣ್ಣಗೆ ತಗಲುತ್ತಿತ್ತು.

ಮರುದಿನ ಕಾಫಿ ಕುಡಿದು ಅತ್ತೆಯವರು ಚೀಲ ಹಿಡಿದು ಎದ್ದರು. ಹಿಡಿ ತಿರುಗಿಸಿದರು. ಇನ್ನೊಂದು ಸಲ ತಿರುಗಿಸಿದರು. ಭುಜ ಕೊಟ್ಟು ನೂಕಿದರು. ನಾನು ಅಡುಗೆಮನೆಯಲ್ಲಿ ಮೇಜಿನ ಮುಂದೆ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದೆ. ಕೂಗುತ್ತಾರೆಯೇ? ಅಳುತ್ತಾರೆಯೇ? ಅವರು ಬಂದು ನನ್ನ ಎದುರು ಕೂತರು.

"ಇವತ್ತು ಶುಕ್ರವಾರವೇನೇ?"

ಮರಳುಗಾಡಿನಲ್ಲಿ ವಾರದ ರಜೆ ಶುಕ್ರವಾರ. ಅಂದು ಮಧ್ಯಾಹ್ನ ಎಲ್ಲ ಮುಚ್ಚಿರುತ್ತಿತ್ತು, ಬಸ್ಸೂ ಓಡುತ್ತಿರಲಿಲ್ಲ.

"ಹೌದಮ್ಮ, ಶುಕ್ರವಾರ" ಎಂದೆ.

ಅವರು ಚೀಲ ಪಕ್ಕಕ್ಕಿಟ್ಟು ಒಂದು ಹಿಡಿ ಹುರುಳಿಕಾಯಿ ತಮ್ಮ ಕಡೆ ಎಳೆದುಕೊಂಡರು. ಶಾಲೆಯಿಂದ ಆಗಷ್ಟೇ ಬಂದಿದ್ದ ಮಗಳು ಫ್ರಿಜ್ಜಿನ ಬಾಗಿಲು ಹಿಡಿದು ನಿಂತು, "ಬಟ್ ಇಟ್ಸ್ ಟ್ಯೂಸ್‌ಡೇ, ಅಮ್ಮ" ಅಂದಳು. ಸುಮ್ಮನಿರು ಎಂದು ನಾನು ಅವಳಿಗೆ ಕಣ್ಣು ಬಿಟ್ಟೆ. ಅವಳು ಅಜ್ಜಿಯ ಚೀಲ ನೋಡಿದಳು, ಬಾಗಿಲಿನ ಹೊಸ ಬೀಗ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ನಮ್ಮ ಜೊತೆ ನಾರು ತೆಗೆಯತೊಡಗಿದಳು.