ಮೊದಲು ಬಾಗಿಲು, ಆಮೇಲೆ ಗಾಲಿ

ನಮ್ಮ ಯಜಮಾನರ ಬಲಗೈ ನಡುಗಲು ಶುರುವಾಗಿ ಎರಡು ವರ್ಷ. ಮಾತ್ರೆ ತೆಗೆದುಕೊಂಡರೆ ಅರ್ಧ ದಿನ ಸುಮ್ಮನಿರುತ್ತದೆ, ಅಷ್ಟು ಶಿವನ ದಯೆ. ಕಾಫಿಯನ್ನು ಅರ್ಧ ಲೋಟ ಮಾತ್ರ ಕೊಡುತ್ತೇನೆ, ಬೇಕೆಂದರೆ ಇನ್ನೊಮ್ಮೆ. ಚೆಲ್ಲದ ದಿನ ದೇವರಿಗೆ ಕೈಮುಗಿಯುತ್ತೇನೆ.

ತುಮಕೂರಿನ ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ರಿಮೋಟ್ ವಿಮಾನ ಹಾರಿಸುವುದೊಂದೇ ಅವರ ಹುಚ್ಚು. ಈಗಿರುವ ವಿಮಾನದ ಗಾಲಿಗಳು ಮೇಲೆ ಹೋದ ಮೇಲೆ ಹೊಟ್ಟೆಯೊಳಗೆ ಮಡಚಿಕೊಳ್ಳುತ್ತವೆ. ಹೊಟ್ಟೆಗೆ ಪುಟ್ಟ ಬಾಗಿಲುಗಳಿವೆ. ಎಲ್ಲವನ್ನೂ ಆಡಿಸುವುದು ಸರ್ವೋ ಎಂಬ, ಬೆಂಕಿಪೊಟ್ಟಣದಷ್ಟಿರುವ ಮೋಟಾರುಗಳು. ಇಳಿಯುವಾಗ ಮೊದಲು ಬಾಗಿಲು ತೆರೆಯಬೇಕು, ಆಮೇಲೆ ಗಾಲಿ ಬರಬೇಕು, ಆಮೇಲೆ ಬಾಗಿಲು ಮುಚ್ಚಬೇಕು. ಹಿಂದೆ ಒಂದೊಂದಕ್ಕೂ ಒಂದೊಂದು ಸ್ವಿಚ್ ಒತ್ತುತ್ತಿದ್ದರು. ಈಗ ಬೆರಳು ಮಾತು ಕೇಳುವುದಿಲ್ಲ. ಅದಕ್ಕೇ ಮೂರನ್ನೂ ಒಂದೇ ಸ್ವಿಚ್ಚಿಗೆ ಸೇರಿಸಿ ರಿಮೋಟಿನಲ್ಲಿ ಪ್ರೋಗ್ರಾಂ ಮಾಡಲು ಕುಳಿತರು.

"ಒಂದ್ಸಲ ಒತ್ತಿದ್ರೆ ಸಾಕು ಕಣೇ, ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ. ಇದೂ ಆಗ್ಲಿಲ್ಲ ಅಂದ್ರೆ ನಾನು ಹಾರ್ಸೋದು ಮುಗೀತು."

ವಿಮಾನವನ್ನು ಮಡಿಲಲ್ಲಿ ಅಂಗಾತ ಮಲಗಿಸಿಕೊಂಡು ಗಾಲಿ ನೋಡುವುದು ನನ್ನ ಕೆಲಸ. ಅವರ ಕಣ್ಣು ರಿಮೋಟಿನ ಪರದೆಯ ಮೇಲೆ. ಗಾಲಿ ಪೂರ್ತಿ ಬಂದು ಟಕ್ ಎಂದಾಗ ನಾನು "ಬಂತು" ಅನ್ನಬೇಕು. ಆ ಹೊತ್ತು ನೋಡಿ ಅವರು ಬಾಗಿಲು ಮುಚ್ಚುವ ಸಮಯ ಹಾಕುತ್ತಾರೆ. ನಾನು ಮನಸ್ಸಿನಲ್ಲೇ ಓಂ ನಮಃ ಶಿವಾಯ ಎನ್ನುತ್ತಿದ್ದೆ. ಎರಡು ಸಲ ಹೇಳುವಷ್ಟರಲ್ಲಿ ಗಾಲಿ ಬರುತ್ತಿತ್ತು.

ಕೊನೆಯ ಸಲ ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು. ಎರಡನೆಯ ಶಿವಾಯ ಮುಗಿದಿರಲಿಲ್ಲ. "ಬಂತು ರೀ, ಬಂತು" ಎಂದು ವಿಮಾನವನ್ನು ಮಂಚದ ಮೇಲಿಟ್ಟು ಓಡಿದೆ. ಹಾಲು ಉಳಿಯಿತು. ಅವರು ಅದೇ ಸಮಯ ಹಾಕಿದರು. ನಾನು ಬಂದ ಮೇಲೆ ಮತ್ತೆ ಆಡಿಸಿದಾಗ ಬಾಗಿಲು ಗಾಲಿಗೆ ಸವರಿಕೊಂಡು ಮುಚ್ಚಿತು. ಹೇಗೋ ಮುಚ್ಚಿತಲ್ಲ ಎಂದು ನಾನು ಬಾಯಿ ಬಿಡಲಿಲ್ಲ.

ಭಾನುವಾರ ಗುಬ್ಬಿ ದಾಟಿ ಹಾಗಲವಾಡಿ ಕಡೆ ಹೋದೆವು. ಇವರ ಜೊತೆ ಕೆಲಸ ಮಾಡಿದ ಗೆಳೆಯರೊಬ್ಬರ ಹೊಲ ಅಲ್ಲಿದೆ, ರಾಗಿ ಕೊಯ್ದು ಬಯಲಾಗಿತ್ತು. ವಿಮಾನದ ಮೂತಿ ನೋಡಿ ಗೆಳೆಯರು ನಕ್ಕರು.

"ಏನತ್ತಿಗೆ, ಇದಕ್ಕೂ ವಿಭೂತಿ ಬಳ್ದಿದೀರಾ? ನಾನೇ ಇವತ್ತು ಇಟ್ಕೊಂಡಿಲ್ಲ!"

ಹಾರಿದ್ದು ಚೆನ್ನಾಗಿಯೇ ಹಾರಿತು. ಇಳಿಸಲು ಇವರು ಸ್ವಿಚ್ ಒತ್ತಿದರು. ಬಾಗಿಲು ತೆರೆಯಿತು, ಗಾಲಿ ಹೊರಟಿತು. ಮೇಲೆ ಗಾಳಿ ಅದನ್ನು ತಡೆಯಿತು. ನನ್ನ ಮಡಿಲಲ್ಲಿ ಗಾಳಿ ಎಲ್ಲಿತ್ತು? ಗಾಲಿ ಪೂರ್ತಿ ಬರುವ ಮುನ್ನವೇ ಎಡಗಡೆಯ ಬಾಗಿಲು ಅದನ್ನು ಕಚ್ಚಿಕೊಂಡಿತು.

"ಅಣ್ಣ, ಎಡಗಡೇದು ಇಳೀಲಿಲ್ಲ!" ಎಂದು ಗೆಳೆಯರು ಕೂಗಿದರು.

ಇವರ ಕೈ ರಿಮೋಟಿನ ಮೇಲೆ ಅದುರುತ್ತಿತ್ತು. ಯಾಕೆ ಸಿಕ್ಕಿಕೊಂಡಿತೆಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದು ಏನು ಮಾಡಲಿ? ಸೆರಗು ಹಿಡಿದುಕೊಂಡು ನಿಂತೆ. ವಿಮಾನ ಒಂದು ಗಾಲಿಯ ಮೇಲೆ ಇಳಿದು, ಮಗ್ಗುಲಾಗಿ ಕೂಳೆಯಲ್ಲಿ ಸುತ್ತಿ ನಿಂತಿತು. ಪ್ರೊಪೆಲ್ಲರ್ ಮುರಿಯಿತು. ಬ್ಯಾಟರಿಗೆ ಬೆಂಕಿ ಹತ್ತಲಿಲ್ಲ, ಯಾರಿಗೂ ತಗುಲಲಿಲ್ಲ, ಶಿವ ಕಾಪಾಡಿದ.

"ಪ್ರೊಪೆಲ್ಲರ್ ತಾನೆ, ಬುಡಣ್ಣ" ಎಂದರು ಗೆಳೆಯರು.

"ನನ್ ಕೈ ಸ್ವಿಚ್ಚನ್ನ ಎರಡ್ಸಲ ಒತ್ಬಿಡ್ತು ಕಣೋ. ಹಾರ್ಸಿದ್ದು ಸಾಕು ಇನ್ನ" ಎಂದರು ಇವರು.

ತುಮಕೂರಿಗೆ ವಾಪಸ್ ಬರುವಾಗ ಹೇಳಿದೆ. "ರೀ, ತಪ್ಪು ನಂದು. ಹಾಲು ಉಕ್ತಿತ್ತು. ಗಾಲಿ ಪೂರ್ತಿ ಬರೋಕ್ ಮುಂಚೆನೇ ಬಂತು ಅಂದ್ಬಿಟ್ಟೆ."

"ಲಿಂಗಪೂಜೆ ಮಾಡೋ ಬಾಯಲ್ಲಿ ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಕಣೇ."

"ಶಿವನಾಣೆ ರೀ."

"ಆಣೆ ಬೇರೆ ಇಡ್ತಾಳೆ!" ಎಂದು ನಕ್ಕರು. ಆ ನಗು ನನ್ನನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಶಿವನಾಣೆಯನ್ನೂ ನಂಬದ ಮೇಲೆ ನನ್ನ ಹತ್ತಿರ ಬೇರೆ ಏನಿದೆ?

ವಿಮಾನ ಹಳೆಯ ಪಂಚೆ ಸುತ್ತಿಕೊಂಡು ಬೀರುವಿನ ಮೇಲೆ ಹೋಯಿತು. ಮೂರು ದಿನ ನೋಡಿದೆ. ನಾಲ್ಕನೆಯ ದಿನ ಮಧ್ಯಾಹ್ನ ಸ್ಟೂಲು ಹತ್ತಿ ಇಳಿಸಿ ಮಡಿಲಲ್ಲಿ ಅಂಗಾತ ಮಲಗಿಸಿಕೊಂಡೆ. ಒಂದೇ ಸಲ ಆಡಿಸಿದರೆ ಬಾಗಿಲು ಗಾಲಿಗೆ ಸವರುವುದು ಕಾಣುತ್ತದೆ, ಇವರೇ ನೋಡಲಿ ಎಂದು. ಆದರೆ ಬ್ಯಾಟರಿ ಸಿಕ್ಕಿಸಲು ನನಗೆ ಬರುವುದಿಲ್ಲ. ವೈರು ಹಿಡಿದು ಸುಮ್ಮನೆ ಕುಳಿತಿದ್ದೆ.

ಇವರು ಕೋಣೆಯ ಬಾಗಿಲ ಬಳಿ ಬಂದು ನೋಡಿದರು.

"ಉಲ್ಟಾ ಹಿಡ್ದಿದೀಯ" ಎಂದರು.

ವೈರನ್ನು ತಿರುಗಿಸಿ ಹಿಡಿದೆ. ಅವರು ಹತ್ತಿರ ಬರಲಿಲ್ಲ. ಆಚೆಗೂ ಹೋಗಲಿಲ್ಲ.