ಕೊಟ್ಟಿಗೆಯಲ್ಲಿ ಅಜ್ಜಿಯ ಎಡೆ

ಗೆಳೆಯರೇ, ಇವತ್ತು ಜಂಗಮಕೋಟೆ ಹತ್ತಿರದ ನಮ್ಮೂರಲ್ಲಿ ಅಜ್ಜಿಯ ಮೊದಲ ವರ್ಷದ ಪೂಜೆ. ಮಲ್ಲಿಗೆ ಹಾರ, ಊದುಬತ್ತಿ ಹಿಡಿದು ಹೋದರೆ ಚಿಕ್ಕಮ್ಮ ಬಾಗಿಲಲ್ಲೇ ತಡೆದರು.

"ಒಳಗೆ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದವೆ ಕಣಮ್ಮ, ಪೊರೆ ಬಿಟ್ಟು ಸೊಪ್ಪು ತಿನ್ನೋ ಹೊತ್ತು. ಊದುಬತ್ತಿ ಹೊಗೆ ತಾಕಿದ್ರೆ ಬೆಳೆ ಹೋಯ್ತು. ಎಡೆ ಕೊಟ್ಟಿಗೇಲಿ ಇಟ್ಟಿದೀನಿ, ಬಾ."

ನಡುಮನೆಯ ತುಂಬ ರೇಷ್ಮೆ ಹುಳುಗಳು. ಅಜ್ಜಿಯ ಫೋಟೋ ಹಸುವಿನ ಪಕ್ಕ, ಸ್ಟೂಲಿನ ಮೇಲೆ. ನನಗೆ ರೇಗಿತು.

"ಈ ಮನೆ ಕಟ್ಟಿದೋರನ್ನ ಸಗಣಿ ಪಕ್ಕ ಕೂರಿಸ್ತೀರಾ ಚಿಕ್ಕಮ್ಮ?"

ಅವರು ನಕ್ಕರು. "ನಿಮ್ಮ ತಾತನ ವರ್ಷದ ಎಡೇನ ನಿಮ್ಮಜ್ಜಿ ಎಲ್ಲಿಟ್ಟಿದ್ರು ಅಂದ್ಕೊಂಡೆ? ಇಲ್ಲೇ. ಆಗ್ಲೂ ಹುಳ ಎದ್ದಿದ್ವು. 'ಅವರದು ಊಟ ಮುಗೀತು, ಇವುಕ್ಕೆ ಇನ್ನೂ ಐತೆ' ಅಂದ್ರು."

ಅಜ್ಜಿಯನ್ನು ನನ್ನಷ್ಟು ಬಲ್ಲವರಿಲ್ಲ ಎಂದು ನಂಬಿದ್ದೆ. ಆದರೆ ನಾನು ರಜೆಗೆ ಬರುತ್ತಿದ್ದವಳು. ಅಜ್ಜಿಯ ಜೊತೆ ದಿನವೂ ಹುಳುಗಳಿಗೆ ಸೊಪ್ಪು ಹಾಕಿದವರು ಚಿಕ್ಕಮ್ಮ. ನನಗೆ ಗೊತ್ತಿದ್ದದ್ದು ಅಜ್ಜಿಯ ಮುದ್ದು ಮಾತ್ರವೇನೋ.

ಸಗಣಿ ಸರಿಸಿ, ಫೋಟೋಗೆ ಹಾರ ಹಾಕಿ ಊದುಬತ್ತಿ ಹಚ್ಚಿದೆ. ನಾವು ಕೈಮುಗಿದು ಕಣ್ಣು ಬಿಡುವಷ್ಟರಲ್ಲಿ ಹಸು ಮಲ್ಲಿಗೆ ಹಾರವನ್ನು ಅರ್ಧ ತಿಂದಿತ್ತು. ಯಾರೂ ಬೈಯಲಿಲ್ಲ. ಅಜ್ಜಿ ಇದ್ದಿದ್ದರೆ ಉಳಿದರ್ಧವನ್ನೂ ಅದಕ್ಕೇ ಹಾಕುತ್ತಿದ್ದರು.